ಜೇನಿನ ಚಿತ್ರಗಳು ಮತ್ತು ಅನುಮೋದನೆಯ ಪ್ರಶ್ನೆ

ಬಸದಿಗಳ ಗೋಡೆಗಳ ಮೇಲೂ ಹಳೆಯ ಮನೆಗಳ ಪಡಸಾಲೆಗಳಲ್ಲೂ ಕಾಣಸಿಗುವ ಮಧುಬಿಂದು ಚಿತ್ರವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಕಾಡಾನೆಗೆ ಹೆದರಿ ಓಡಿದ ಮನುಷ್ಯನೊಬ್ಬ ಬಾವಿಯೊಳಗೆ ಇಳಿಬಿದ್ದ ಬಿಳಲನ್ನು ಹಿಡಿದು ತೂಗಾಡುತ್ತಿದ್ದಾನೆ. ಕೆಳಗೆ ಸರ್ಪಗಳು ಬಾಯ್ದೆರೆದಿವೆ. ಬಿಳಿಯದೊಂದು ಕರಿಯದೊಂದು ಇಲಿ ಬಿಳಲನ್ನು ಕಡಿಯುತ್ತಿವೆ. ಆನೆ ಮರವನ್ನು ಅಲುಗಿಸಿದ್ದರಿಂದ ಕದಡಿದ ಜೇನುನೊಣಗಳು ಅವನನ್ನು ಮುತ್ತಿವೆ. ಇಷ್ಟೆಲ್ಲದರ ನಡುವೆ ಹುಟ್ಟಿಯಿಂದ ತೊಟ್ಟಿಕ್ಕುವ ಒಂದು ಹನಿಗಾಗಿ ಅವನು ನಾಲಗೆಯನ್ನು ಚಾಚಿದ್ದಾನೆ. ಇದನ್ನು ಸಂಸಾರದ ರೂಪಕವೆಂದು ನಮ್ಮ ಹಿರಿಯರು ಬೋಧಿಸಿದರು, ನಾವೂ ಹಾಗೆಯೇ ನೋಡುತ್ತ ಬಂದೆವು. ಆದರೆ ರೂಪಕವನ್ನು ಒಂದು ಗಳಿಗೆ ಬದಿಗಿರಿಸಿ ಇದನ್ನು ಜೇನಿನದೇ ಒಂದು ಚಿತ್ರವೆಂದು ನೋಡಿದರೆ ಅದರ ಲೆಕ್ಕಾಚಾರ ಎಷ್ಟು ಖಚಿತವಾಗಿದೆ ಎಂಬುದು ತಿಳಿಯುತ್ತದೆ. ಜೇನು ಒಂದೇ ಹನಿ. ನೊಣಗಳು ಎಣಿಕೆಗೆ ಸಿಗದಷ್ಟು.

ಈಚಿನ ದಶಕಗಳಲ್ಲಿ ಈ ಪ್ರಮಾಣ ತಲೆಕೆಳಗಾಗಿದೆ. ಪತ್ರಿಕೆಗಳಲ್ಲಿ, ಛಾಯಾಚಿತ್ರ ಪ್ರದರ್ಶನಗಳಲ್ಲಿ, ಸೀಸೆಗಳಿಗೆ ಅಂಟಿಸುವ ಚೀಟಿಗಳಲ್ಲಿ ಎಲ್ಲೆಲ್ಲಿಯೂ ಹೊಂಬಣ್ಣದ ಧಾರೆಯೇ ಧಾರೆ. ನೊಣವು ಒಂದೋ ಎರಡೋ, ಅದೂ ಅಲಂಕಾರಕ್ಕೆ. ನಮ್ಮ ಸಮಾಜದ ಕೆಲವು ತರುಣರು ಮಲೆನಾಡಿನ ಜೇನು ಸಾಕಣೆದಾರರ ಸಂಘವೊಂದಕ್ಕೆ ಯಾವ ಪ್ರತಿಫಲವನ್ನೂ ಪಡೆಯದೆ ಛಾಯಾಚಿತ್ರಗಳನ್ನು ತೆಗೆದುಕೊಡುವ ಸೇವೆಯನ್ನು ಕೈಗೊಂಡರು. ಅವರು ಜೇನನ್ನು ಮುಟ್ಟುವವರಲ್ಲ. ಮುಟ್ಟದವರು ಅದರ ಚಿತ್ರವನ್ನು ತೆಗೆಯಬಹುದೇ ಎಂಬ ಸಂದೇಹ ಮನೆಗಳಲ್ಲಿ ಎದ್ದಿತು. ಚಿತ್ರವೆಂದರೆ ಬೆಳಕು ನೆರಳು ಮಾತ್ರ, ಅದರಲ್ಲಿ ದೋಷವೇನು ಎಂದರು ಕೆಲವರು. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಗೆ ಮೂರು ದಾರಿಗಳಿರುವಾಗ ಮೆಚ್ಚಿ ಚಿತ್ರ ತೆಗೆಯುವುದು ಮೂರನೆಯ ದಾರಿಯೇ ಸರಿ ಎಂದರು ಇನ್ನು ಕೆಲವರು. ಈ ಎರಡು ಪಕ್ಷದವರೂ ಚಿತ್ರಗಳನ್ನು ನೋಡದೆಯೇ ತೀರ್ಪು ಕೊಟ್ಟರು ಎಂಬುದು ನನ್ನ ಆಕ್ಷೇಪ. ಅನುಮೋದನೆಯು ಕ್ಯಾಮೆರಾದಲ್ಲಿ ಇರುವಂಥದಲ್ಲ. ಅದು ಒಂದೊಂದು ಚಿತ್ರದಲ್ಲಿ ಇರುತ್ತದೆ ಅಥವಾ ಇರುವುದಿಲ್ಲ. ಆದ್ದರಿಂದ ಪ್ರಸಿದ್ಧವಾದ ಕೆಲವು ಚಿತ್ರಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಶಾಸ್ತ್ರದ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಶ್ರಾವಕನ ಎಂಟು ಮೂಲಗುಣಗಳೆಂದರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನಷ್ಟು ಮುಂದೆ ಹೋಗಿ, ತಾನಾಗಿ ಸೋರಿದ ಜೇನಾಗಲಿ ಛಲದಿಂದ ಪಡೆದ ಜೇನಾಗಲಿ ಅದನ್ನು ಆಶ್ರಯಿಸಿದ ಜೀವಿಗಳ ಘಾತದಿಂದ ಮುಕ್ತವಲ್ಲ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ. ಇಲ್ಲಿಯ ಛಲ ಎಂಬ ಪದಕ್ಕೆ ಕನ್ನಡದ ಹಟವೆಂಬ ಅರ್ಥವಿಲ್ಲ, ವಂಚನೆಯೆಂಬ ಅರ್ಥ. ಆಚಾರ್ಯರ ಕಾಲದಲ್ಲಿ ಜೇನು ಎಂದರೆ ಎರಿಯನ್ನು ಹಿಂಡಿ ತೆಗೆಯುವುದಾಗಿತ್ತು. ಮೊಟ್ಟೆ, ಮರಿ, ನೊಣ ಎಲ್ಲವೂ ಆ ಹಿಂಡುವಿಕೆಯಲ್ಲಿ ಸೇರುತ್ತಿದ್ದವು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ ಎರಿಗಳ ನಡುವೆ ನೊಣಗಳು ತಮ್ಮ ಓಡಾಟಕ್ಕೆ ಬಿಟ್ಟುಕೊಳ್ಳುವ, ಒಂದು ಸೆಂಟಿಮೀಟರಿಗಿಂತ ಕಡಿಮೆಯ ತೆರಪಿನ ಮಹತ್ವವನ್ನು ಕಂಡುಕೊಂಡು ಹೊರಗೆಳೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದ. 1865ರಲ್ಲಿ ಹ್ರುಷ್ಕಾ ಎಂಬಾತ ಎರಿಯನ್ನು ಒಡೆಯದೆ ತಿರುಗಿಸಿ ಜೇನನ್ನು ಮಾತ್ರ ಚಿಮ್ಮಿಸುವ ಯಂತ್ರವನ್ನು ತಯಾರಿಸಿದ. ಇವುಗಳಿಂದ ಹಿಂಸೆ ಬಹಳ ಮಟ್ಟಿಗೆ ಕಡಿಮೆಯಾಯಿತೆಂಬುದನ್ನು ಒಪ್ಪದಿರುವುದು ನ್ಯಾಯವಲ್ಲ. ಹಾಗೆಂದು ಜೇನು ನಮಗೆ ಗ್ರಾಹ್ಯವಾಯಿತೆಂದು ಹೇಳಲು ನಾನು ಹೊರಟಿಲ್ಲ. ಒಂದು ಸ್ವಾರಸ್ಯವನ್ನು ಮಾತ್ರ ನೆನಪಿಗೆ ತರುತ್ತೇನೆ: ಮುನಿಗಳ ಆಹಾರವಿಧಿಗೆ ಅಕಲಂಕರು ರಾಜವಾರ್ತಿಕದಲ್ಲಿ ಹೇಳುವ ಹೆಸರುಗಳಲ್ಲಿ ಭ್ರಮರಾಹಾರ ಎಂಬುದೂ ಒಂದು. ಹೂವನ್ನು ನೋಯಿಸದೆ ಸ್ವೀಕರಿಸುವ ದುಂಬಿಯನ್ನು ಮುನಿಗೆ ಆದರ್ಶವಾಗಿಟ್ಟ ಪರಂಪರೆಯೇ, ಹಾಗೆ ಸ್ವೀಕರಿಸಿದ್ದನ್ನು ಜೇನುನೊಣದಿಂದ ಕಸಿಯಬಾರದೆಂದು ಗೃಹಸ್ಥನಿಗೆ ಹೇಳಿತು.

ಈಗ ಚಿತ್ರಗಳಿಗೆ ಬರೋಣ. ಜೇನು ಸಾಕಣೆದಾರನ ಛಾಯಾಚಿತ್ರಗಳಲ್ಲಿ ಜಗತ್ತಿನಲ್ಲಿಯೇ ಹೆಚ್ಚು ಹೆಸರಾದದ್ದು ಅಮೆರಿಕದ ರಿಚರ್ಡ್ ಅವೆಡಾನ್ 1981ರ ಮೇ 9ರಂದು ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ತೆಗೆದ ಚಿತ್ರ. ಟೆಕ್ಸಾಸಿನ ಆಮನ್ ಕಾರ್ಟರ್ ವಸ್ತುಸಂಗ್ರಹಾಲಯದ ಕೋರಿಕೆಯಂತೆ 1979ರಿಂದ 1984ರವರೆಗೆ ಅವೆಡಾನ್ ಅಮೆರಿಕದ ಪಶ್ಚಿಮ ಭಾಗದಲ್ಲಿ ಸಂಚರಿಸಿ ಗಣಿ ಕೆಲಸಗಾರರು, ಅಲೆಮಾರಿಗಳು, ಕಸಾಯಿಖಾನೆಯ ನೌಕರರು ಮುಂತಾದವರನ್ನು ಬಿಳಿಯ ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದ. 1985ರಲ್ಲಿ ಅವು ಪ್ರದರ್ಶನಗೊಂಡವು. ಜೇನು ಸಾಕಣೆದಾರನಿಗಾಗಿ ಅವನು ಆ ವೃತ್ತಿಯ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟ. ರೊನಾಲ್ಡ್ ಫಿಷರ್ ಎಂಬವರು ತಾವಾಗಿ ಒಪ್ಪಿ ಮುಂದೆ ಬಂದರು. ಕೀಟಶಾಸ್ತ್ರಜ್ಞರೊಬ್ಬರು ಅವರ ಮೈಗೆ ರಾಣಿ ಜೇನಿನ ವಾಸನೆಯ ದ್ರವ್ಯವನ್ನು ಲೇಪಿಸಿದರು. ನೊಣಗಳು ಬಂದು ಕುಳಿತವು. ಬೋಳುತಲೆಯ, ಬಿಳಿಚಿದ ಮೈಯ, ಸೊಂಟದ ಮೇಲೆ ಬಟ್ಟೆಯಿಲ್ಲದ ಮನುಷ್ಯ. ಎದೆಯ ಮೇಲೆ, ಕತ್ತಿನ ಮೇಲೆ, ಕಿವಿಯ ಮೇಲೆ ನೊಣಗಳು. ಮುಖದಲ್ಲಿ ನೋವಿಲ್ಲ, ಹೆದರಿಕೆಯಿಲ್ಲ.

ಈ ಚಿತ್ರವನ್ನು ಕಂಡ ಜೈನನಿಗೆ ಮೊದಲು ಯಾರು ನೆನಪಾಗುತ್ತಾರೆಂಬುದನ್ನು ಬರೆಯಬೇಕಾಗಿಲ್ಲ. ಅದೇ 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆದಿತ್ತು. ಮೂರು ತಿಂಗಳು ಕಳೆಯುವ ಮೊದಲೇ ಭೂಮಿಯ ಇನ್ನೊಂದು ಬದಿಯಲ್ಲಿ ಈ ಚಿತ್ರ ತೆಗೆಯಲ್ಪಟ್ಟಿತು. ಕಾಕತಾಳೀಯವೇ ಹೊರತು ಅವೆಡಾನನಿಗೆ ಬಾಹುಬಲಿಯ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಹೋಲಿಕೆ ಮನಸ್ಸಿಗೆ ಬಂದ ಮೇಲೆ ಅದನ್ನು ಪೂರ್ತಿಯಾಗಿ ನೋಡಬೇಕು. ಬಾಹುಬಲಿಯ ತೊಡೆಗಳನ್ನೂ ತೋಳುಗಳನ್ನೂ ಬಳಸಿದ ಮಾಧವೀಲತೆಯನ್ನಾಗಲಿ ಕಾಲಬಳಿಯ ಹುತ್ತಗಳಿಂದ ತಲೆಯೆತ್ತಿದ ಸರ್ಪಗಳನ್ನಾಗಲಿ ಯಾರೂ ತಂದಿಡಲಿಲ್ಲ. ಒಂದು ವರ್ಷ ಅಲುಗದೆ ನಿಂತವನ ಮೈಯನ್ನು ಅವು ಬಂಡೆಯೆಂದೋ ಮರವೆಂದೋ ನಂಬಿದವು, ಆ ನಂಬಿಕೆ ಸುಳ್ಳಾಗಲೂ ಇಲ್ಲ. ಡೇವಿಸ್‌ನ ನೊಣಗಳು ರಾಣಿಯಿದ್ದಾಳೆಂದು ನಂಬಿ ಬಂದವು. ಅಲ್ಲಿ ರಾಣಿ ಇರಲಿಲ್ಲ. ಅಮೃತಚಂದ್ರರ ಛಲವೆಂಬ ಪದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಕದ್ದದ್ದು ಜೇನನ್ನಲ್ಲ, ಒಂದು ದೃಶ್ಯವನ್ನು.

ಹಾಗಿದ್ದರೂ ಈ ಚಿತ್ರವನ್ನು ನಾನು ತಿರಸ್ಕರಿಸಲಾರೆ. ಫಿಷರ್ ತಮ್ಮ ಮೈಯನ್ನೇ ಕೊಟ್ಟರು. ಸ್ವಯಂಸೇವೆ ಎಂಬ ಮಾತು ಈ ಚಿತ್ರದಲ್ಲಿ ಅವರಿಗೇ ಸಲ್ಲಬೇಕು. ನೊಣವನ್ನು ಅಲಂಕಾರವಾಗಿ ಬಳಸದೆ ಮನುಷ್ಯನಷ್ಟೇ ಮುಖ್ಯವಾಗಿ ನಿಲ್ಲಿಸಿದ ಚಿತ್ರ ಇದು. ನನ್ನ ತಕರಾರು ಆ ಬಿಳಿಯ ಪರದೆಯ ಬಗ್ಗೆ. ಪರದೆಯು ಹೂವನ್ನು, ಪೆಟ್ಟಿಗೆಯನ್ನು, ಹೊಗೆಯನ್ನು, ಸಂತೆಯನ್ನು ಅಳಿಸಿಬಿಟ್ಟಿದೆ. ಕ್ಯಾಲಿಫೋರ್ನಿಯದ ಬಾದಾಮಿ ತೋಟಗಳಿಗೆ ಪ್ರತಿವರ್ಷ ಫೆಬ್ರವರಿಯ ಹೊತ್ತಿಗೆ ಲಾರಿಗಟ್ಟಲೆ ಜೇನು ಪೆಟ್ಟಿಗೆಗಳು ದೂರದ ರಾಜ್ಯಗಳಿಂದ ಬರುತ್ತವೆ. ಆ ಸೀಮೆಯ ಜೇನು ಸಾಕಣೆಯೆಂದರೆ ಬಹುಪಾಲು ಅದೇ. ಶೀರ್ಷಿಕೆಯಲ್ಲಿ ಜೇನು ಸಾಕಣೆದಾರನೆಂದು ಬರೆದ ಚಿತ್ರದಲ್ಲಿ ಆ ದುಡಿಮೆಯ ಒಂದು ಗುರುತೂ ಇಲ್ಲ. ಫಿಷರ್ ಇಲಿನಾಯ್‌ನವರು, ಪಶ್ಚಿಮದವರೇ ಅಲ್ಲ.

ನೇಪಾಳದ ಚಿತ್ರಗಳು ಇದಕ್ಕೆ ವಿರುದ್ಧವಾದ ಬಗೆಯವು. ಫ್ರಾನ್ಸಿನ ಎರಿಕ್ ವಾಲಿ ಮತ್ತು ಡಯೇನ್ ಸಮ್ಮರ್ಸ್ ಗುರುಂಗ್ ಜನಾಂಗದ ಜೇನುಬೇಟೆಗಾರರ ಜೊತೆಗಿದ್ದು ಮಾಡಿದ ಚಿತ್ರಗಳು 1988ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲೂ ಪುಸ್ತಕವಾಗಿಯೂ ಪ್ರಕಟವಾದವು. ಅಲ್ಲಿರುವುದು ಹಿಮಾಲಯದ ಬಂಡೆಗಳಲ್ಲಿ ಗೂಡು ಕಟ್ಟುವ, ಜಗತ್ತಿನ ಜೇನುನೊಣಗಳಲ್ಲೆಲ್ಲ ಅತ್ಯಂತ ದೊಡ್ಡದೆನಿಸಿದ ನೊಣ. ನಾರಿನ ಏಣಿಯಲ್ಲಿ ತೂಗಾಡುವ ವೃದ್ಧನ ಕೈಯಲ್ಲಿ ಉದ್ದನೆಯ ಗಳು, ಕೆಳಗೆ ಪಾತಾಳ, ಸುತ್ತ ಹೊಗೆ ಮತ್ತು ಕೆರಳಿದ ನೊಣಗಳ ಮೋಡ. ಮಧುಬಿಂದು ಚಿತ್ರದ ಮನುಷ್ಯನೇ ಬಾವಿಯಿಂದ ಎದ್ದು ಬಂಡೆಗೆ ಬಂದಂತೆ ತೋರುತ್ತದೆ. ಆದರೆ ಇವನು ಮೂಢನಲ್ಲ, ಮನೆಯವರ ಹೊಟ್ಟೆಗಾಗಿ ಇಳಿದವನು. ವಾಲಿಯ ಚಿತ್ರಗಳಲ್ಲಿ ಅಪಾಯವನ್ನು ಮನುಷ್ಯನೂ ನೊಣವೂ ಹಂಚಿಕೊಳ್ಳುತ್ತಾರೆ. ಅದಕ್ಕಾಗಿ ಅವು ನಿಲ್ಲುತ್ತವೆ.

ತೊಂದರೆ ಅವುಗಳ ಸಂತಾನದಲ್ಲಿದೆ. 2013ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ನ್ಯೂವಿ ಗುರುಂಗರ ಬೇಟೆಯನ್ನು ಮತ್ತೆ ಚಿತ್ರಿಸಿದ. 2017ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯೇ ರೆನನ್ ಓಜ್ಟರ್ಕ್ ತೆಗೆದ ಚಿತ್ರಗಳೊಡನೆ ಕುಲುಂಗ್ ಜನಾಂಗದ ಬೇಟೆಗಾರನೊಬ್ಬನನ್ನು ಕೊನೆಯ ಜೇನುಬೇಟೆಗಾರನೆಂದು ಕರೆಯಿತು. ಕೊನೆಯವನು ಎಂಬ ವಿಶೇಷಣ ವ್ಯಾಪಾರದಲ್ಲಿ ನನಗೆ ಚೆನ್ನಾಗಿ ಪರಿಚಿತ: ದಾಸ್ತಾನು ಮುಗಿಯುತ್ತಿದೆ ಎಂದು ಬೋರ್ಡು ಹಾಕಿದ ಅಂಗಡಿಗೆ ಜನ ಹೆಚ್ಚು ಬರುತ್ತಾರೆ. ಚಿತ್ರಗಳನ್ನು ಕಂಡು ನೇಪಾಳಕ್ಕೆ ಬರುವ ಪ್ರವಾಸಿಗಳಿಗಾಗಿ ಹಣ ಪಡೆದು ಜೇನುಬೇಟೆಯನ್ನು ಏರ್ಪಡಿಸುವ ರೂಢಿಯೂ ಬೆಳೆಯಿತು. ಆಗ ಹುಟ್ಟಿಯನ್ನು ಕೀಳುವುದು ಜೇನಿಗಾಗಿಯೂ ಅಲ್ಲ, ಕೀಳುವುದರ ಚಿತ್ರಕ್ಕಾಗಿ. ಕಾರಿತ ಎಂಬ ಪದ ಇಲ್ಲಿ ಯಾವ ವ್ಯಾಖ್ಯಾನವೂ ಬೇಡದೆ ಅನ್ವಯಿಸುತ್ತದೆ.

ನಮ್ಮ ಕಡೆಯ ಹೆಜ್ಜೇನಿನ ಚಿತ್ರಗಳಿಗೂ ಇಂಥದೇ ಒಂದು ಮೋಹವಿದೆ. ದೇಶದ ಕೆಲವು ಕಾಡುಗಳಲ್ಲಿ, ಮಲೇಷಿಯಾದಲ್ಲಿಯೂ, ಹೆಜ್ಜೇನನ್ನು ಕತ್ತಲಲ್ಲಿ ಇಳಿಸುತ್ತಾರೆ. ಹೊಗೆಯಾಡುವ ಸೊಪ್ಪಿನ ಕಟ್ಟನ್ನು ಕೊಂಬೆಗೆ ಬಡಿದಾಗ ಕಿಡಿಗಳು ಧಾರೆಯಾಗಿ ಕೆಳಗೆ ಸುರಿಯುತ್ತವೆ. ಕ್ಯಾಮೆರಾದ ಕಣ್ಣನ್ನು ಕೆಲವು ಕ್ಷಣ ತೆರೆದಿಟ್ಟರೆ ದೀಪಾವಳಿಯ ಹೂಕುಂಡದಂಥ ಚಿತ್ರ ಬರುತ್ತದೆ, ನೋಡಿದವರೆಲ್ಲ ಆಹಾ ಎನ್ನುತ್ತಾರೆ. ಆ ಕಿಡಿಗಳು ಬೀಳುವುದು ನೊಣಗಳು ಅವನ್ನು ಬೆನ್ನಟ್ಟಿ ಗೂಡು ಬಿಟ್ಟು ನೆಲಕ್ಕೆ ಇಳಿಯಲೆಂದು. ಚಿತ್ರದ ಅಡಿಯಲ್ಲಿ ಈ ಒಂದು ವಾಕ್ಯವನ್ನು ಬರೆದರೆ ನೋಡುವವನ ಆಹಾಕಾರದ ಸ್ವರ ಬದಲಾಗುತ್ತದೆ. ಬರೆದ ಚಿತ್ರವನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಅಡಿಬರಹದಲ್ಲಿ ಬಿಟ್ಟುಹೋಗುವುದು ನೊಣದ ಕಥೆಯೊಂದೇ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕಾಡಿನ ಮಕ್ಕಳೆಂದು ತೋರಿಸುವ ಎಷ್ಟೋ ಚಿತ್ರಗಳಿವೆ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯ ಪರಿಣಾಮವಾಗಿ 2004ರ ಸುಮಾರಿಗೆ ಅಭಯಾರಣ್ಯದಲ್ಲಿ ಕಿರು ಅರಣ್ಯ ಉತ್ಪನ್ನಗಳ ಮಾರಾಟದ ಸಂಗ್ರಹಕ್ಕೆ ನಿಷೇಧ ಬಿದ್ದದ್ದು, ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಅವರ ಸಾಮುದಾಯಿಕ ಹಕ್ಕುಗಳು ಮಾನ್ಯವಾದದ್ದು ಇವು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ನಾವು ಜೇನನ್ನು ತ್ಯಜಿಸಿದವರು, ಆದ್ದರಿಂದ ಜೇನು ಕೀಳುವವರನ್ನು ಕೀಳಾಗಿ ನೋಡಬಹುದೆಂಬ ಭಾವ ನಮ್ಮಲ್ಲಿ ಕೆಲವರಿಗಿದೆ. ಅಂಥವರಲ್ಲಿ ಏಲಕ್ಕಿ, ಕಾಫಿ ವ್ಯಾಪಾರ ಮಾಡುವವರು ಆ ಗಿಡಗಳ ಹೂಗಳಲ್ಲಿ ಪರಾಗ ಹರಡುವ ಕೂಲಿಯಿಲ್ಲದ ಆಳು ಯಾರೆಂದು ಒಮ್ಮೆ ಯೋಚಿಸಲಿ.

ಇನ್ನು ಸ್ವಯಂಸೇವಕರು ತೆಗೆಯುವ ಚಿತ್ರಗಳು. ಇವುಗಳಿಗೆ ಅವೆಡಾನನ ಹೆಸರಿಲ್ಲ, ವಾಲಿಯ ಬಂಡೆಯಿಲ್ಲ. ಆದರೆ ಸಂಖ್ಯೆಯಲ್ಲಿ ಇವೇ ಹೆಚ್ಚು, ಸಂಘಸಂಸ್ಥೆಗಳ ವರದಿಗಳನ್ನು ತುಂಬುವುದೂ ಇವೇ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆ. ಸಾಕಣೆದಾರನು ಮುಖದ ಬಲೆಯನ್ನು ಮೇಲೆ ಸರಿಸಿ, ಎರಿ ತುಂಬಿದ ಚೌಕಟ್ಟನ್ನು ಬಿಸಿಲಿಗೆ ಎತ್ತಿ ಹಿಡಿದು ನಗುತ್ತಿರುತ್ತಾನೆ. ಹದಿನಾರನೆಯ ಶತಮಾನದ ಬ್ರೂಗಲ್‌ನ ಪ್ರಸಿದ್ಧ ರೇಖಾಚಿತ್ರದಲ್ಲಿ ಜೇನು ಸಾಕಣೆದಾರರ ಮುಖಗಳು ಹೆಣೆದ ಮುಸುಕಿನ ಹಿಂದೆ ಅಡಗಿವೆ. ಕೆಲಸ ಮಾಡುವವನು ಇರುವುದೇ ಹಾಗೆ. ಬಲೆ ಸರಿಸಿದ ಕ್ಷಣದಲ್ಲಿ ಕೆಲಸ ನಿಂತು ಚಿತ್ರ ಮೊದಲಾಗುತ್ತದೆ. ಅದಾದರೂ ಸಹ್ಯ. ಚೌಕಟ್ಟಿನ ವಿಷಯ ಹಾಗಲ್ಲ. ಮೊಟ್ಟೆ ಮರಿಗಳಿರುವ ಎರಿಯನ್ನು ಬಿಸಿಲಲ್ಲಿ ಹೆಚ್ಚು ಹೊತ್ತು ಹಿಡಿಯಬಾರದು, ಪೆಟ್ಟಿಗೆಯನ್ನು ತೆರೆದಷ್ಟೇ ಬೇಗ ಮುಚ್ಚಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಸಾಕಣೆದಾರನಿಗೆ ಅದು ತಿಳಿದಿರುತ್ತದೆ. ಆದರೆ ಎದುರಿಗೆ ನಿಂತವನು ಪೇಟೆಯಿಂದ ಬಂದ ಅತಿಥಿ, ಹಣ ಕೇಳದೆ ಉಪಕಾರ ಮಾಡಲು ಬಂದವನು. ಇನ್ನೊಂದು ಸಲ ಎತ್ತಿ, ಸ್ವಲ್ಪ ಈ ಕಡೆ ತಿರುಗಿಸಿ ಎಂದರೆ ಆತ ಇಲ್ಲವೆನ್ನಲಾರ. ಕೂಲಿ ಕೊಟ್ಟು ಕರೆಸಿದ ಛಾಯಾಗ್ರಾಹಕನಿಗಾದರೆ ಸಾಕು ಎಂದು ಹೇಳಬಹುದು. ಬಿಟ್ಟಿಯಾಗಿ ಬಂದದ್ದರ ಖರ್ಚನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ, ಆದ್ದರಿಂದ ಅದು ಬೆಳೆಯುತ್ತ ಹೋಗುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮೊದಲಿಗಿಟ್ಟಿತು. ಇಲ್ಲಿ ಯಾರಿಗೂ ಕೊಲ್ಲುವ ಮನಸ್ಸಿಲ್ಲ. ಅಜಾಗರೂಕತೆ ಮಾತ್ರ ಇದೆ.

ಮೊದಲು ಹೇಳಿದ ತರುಣರ ಚಿತ್ರಗಳನ್ನು ತರಿಸಿಕೊಂಡು ನೋಡಿದೆ. ಬಹಳಷ್ಟು ಈ ಅಚ್ಚಿನವೇ. ಎರಡು ಮಾತ್ರ ಬೇರೆ ಬಗೆಯವು. ಒಂದರಲ್ಲಿ ಪೆಟ್ಟಿಗೆಯ ಬಾಯಿಯ ಕೆಳಗಿನ ಒದ್ದೆ ನೆಲ. ಅಲ್ಲಿ ಕೆಲಸಗಾರ ನೊಣಗಳು ಹೊರಗೆ ಎಳೆದು ಹಾಕಿದ ಸತ್ತ ನೊಣಗಳು ಚೆಲ್ಲಿವೆ, ಪಕ್ಕದಲ್ಲಿ ಸಾಕಣೆದಾರನ ಬರಿಗಾಲು. ಇನ್ನೊಂದರಲ್ಲಿ ಮಳೆಗಾಲದ ಮಧ್ಯಾಹ್ನ ವೃದ್ಧೆಯೊಬ್ಬಳು ಪೆಟ್ಟಿಗೆಯೊಳಗಿನ ಬಟ್ಟಲಿಗೆ ಸಕ್ಕರೆ ಪಾಕವನ್ನು ಹೊಯ್ಯುತ್ತಿದ್ದಾಳೆ. ಹೂವಿಲ್ಲದ ದಿನಗಳಿಗಾಗಿ ನೊಣ ಕೂಡಿಟ್ಟದ್ದನ್ನು ಬೇಸಗೆಯಲ್ಲಿ ತೆಗೆದುಕೊಂಡವರು ಮಳೆಗಾಲದಲ್ಲಿ ಅದರ ಬದಲಿಗೆ ಸಕ್ಕರೆಯನ್ನು ಕೊಡುವುದು ಇದು. ತೆಗೆದುಕೊಂಡದ್ದೂ ಕೊಟ್ಟದ್ದೂ ಒಂದೇ ಚಿತ್ರದಲ್ಲಿ, ಜಮಾ ಖರ್ಚು ಎರಡೂ ಬದಿ ತೆರೆದ ಖಾತೆ ಪುಸ್ತಕದಂತೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳಲ್ಲಿ ಬಹುಪಾಲು ನಾಶವಾದ ಮೇಲೆ, ಉಳಿದವನ್ನು ಹೀಗೆ ಮಳೆಗಾಲ ದಾಟಿಸಿಯೇ ಎಷ್ಟೋ ಮನೆಗಳು ಈ ಕಸುಬನ್ನು ಉಳಿಸಿಕೊಂಡವು. ಆ ವೃದ್ಧೆಯ ಬಾಗಿದ ಬೆನ್ನಿನಲ್ಲಿ ಆ ಚರಿತ್ರೆಯೂ ಇದೆ. ಸಂಘದವರು ಈ ಎರಡು ಚಿತ್ರಗಳನ್ನೂ ಬಳಸಲಿಲ್ಲ. ಸತ್ತ ನೊಣ ಅಶುಭವಂತೆ. ಸಕ್ಕರೆ ಪಾಕವನ್ನು ಕಂಡರೆ ಗಿರಾಕಿಗಳು ಕಲಬೆರಕೆಯೆಂದು ಶಂಕಿಸುತ್ತಾರಂತೆ. ವ್ಯಾಪಾರಿಯಾಗಿ ನನಗೆ ಅವರ ಭಯ ಅರ್ಥವಾಗುತ್ತದೆ. ಆದರೆ ಅನುಮೋದನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಕೈಬಿಟ್ಟ ಚಿತ್ರಗಳಲ್ಲಿಯೇ. ಅವನ್ನು ತೆಗೆದವನು ಏನನ್ನೂ ಮೆಚ್ಚಿಸಲು ಹೊರಟಿರಲಿಲ್ಲ, ಕಂಡದ್ದಕ್ಕೆ ಸಾಕ್ಷಿಯಾಗಿದ್ದ.

ಜಮಾ ಖರ್ಚುಗಳೆರಡನ್ನೂ ತೋರಿಸಿದ ದೊಡ್ಡ ಕೃತಿಯೊಂದರ ಹೆಸರನ್ನು ಹೇಳಬೇಕಾದರೆ ಅದು ಛಾಯಾಚಿತ್ರವಲ್ಲ, ಚಲನಚಿತ್ರ: ಉತ್ತರ ಮ್ಯಾಸಿಡೋನಿಯದ ತಮಾರಾ ಕೊಟೆವ್‌ಸ್ಕಾ ಮತ್ತು ಲ್ಯುಬೋಮಿರ್ ಸ್ಟೆಫಾನೊವ್ 2019ರಲ್ಲಿ ಹೊರತಂದ ಹನಿಲ್ಯಾಂಡ್. ವಿದ್ಯುತ್ತಿಲ್ಲದ, ಬಹುತೇಕ ಬರಿದಾದ ಹಳ್ಳಿಯಲ್ಲಿ ಹಾಸಿಗೆ ಹಿಡಿದ ತಾಯಿಯೊಡನೆ ಇರುವ ಹತಿಜೆ ಮುರಾತೊವಾ ಎಂಬ ಮಹಿಳೆ ಕಲ್ಲಿನ ಸಂದುಗಳಲ್ಲಿನ ಗೂಡುಗಳಿಂದ ಜೇನು ತೆಗೆಯುತ್ತಾಳೆ. ಅರ್ಧ ತನಗೆ, ಅರ್ಧ ನೊಣಗಳಿಗೆ ಎಂಬುದು ಅವಳ ನಿಯಮ. ಪಕ್ಕಕ್ಕೆ ಬಂದಿಳಿದ ಏಳು ಮಕ್ಕಳ ಕುಟುಂಬ ಪೆಟ್ಟಿಗೆಗಳನ್ನು ತಂದು, ಆ ನಿಯಮವನ್ನು ಮುರಿದು ಪೂರ್ತಿ ಜೇನನ್ನು ಮಾರುತ್ತದೆ; ಹಸಿದ ಅವರ ನೊಣಗಳು ಅವಳ ಗೂಡುಗಳ ಮೇಲೆ ಬಿದ್ದು ಅವನ್ನು ಹಾಳುಮಾಡುತ್ತವೆ. ಪರಿಸರ ರಕ್ಷಣೆಯ ಯೋಜನೆಯೊಂದರ ಸಣ್ಣ ಚಿತ್ರವಾಗಿ ಆರಂಭವಾದದ್ದು ಮೂರು ವರ್ಷಗಳ ಚಿತ್ರೀಕರಣವಾಗಿ ಬೆಳೆದು 2020ರಲ್ಲಿ ಎರಡು ವಿಭಾಗಗಳ ಆಸ್ಕರ್ ನಾಮನಿರ್ದೇಶನವನ್ನು ಪಡೆಯಿತು. ನಿರ್ಮಾಪಕರು ಆಮೇಲೆ ಆಕೆಗೆ ಬೇರೊಂದು ಹಳ್ಳಿಯಲ್ಲಿ ಮನೆ ಕೊಡಿಸಲು ನೆರವಾದರೆಂದು ವರದಿಯಾಗಿದೆ. ಚಿತ್ರ ತೆಗೆಸಿಕೊಂಡವರ ಋಣವನ್ನು ಹೀಗೆ ಲೆಕ್ಕಕ್ಕೆ ಹಿಡಿದವರು ವಿರಳ. ಅರ್ಧವನ್ನು ಬಿಡುವ ಆಕೆಯ ನಿಯಮ ನಮ್ಮ ವ್ರತವಲ್ಲ, ಆದರೆ ಪರಿಗ್ರಹ ಪರಿಮಾಣದ ಅರ್ಥವನ್ನು ಆಕೆ ಯಾವ ಗ್ರಂಥವನ್ನೂ ಓದದೆ ತಿಳಿದಿದ್ದಾಳೆ.

ಈ ಚಿತ್ರದ ಬಗ್ಗೆ ನನಗಿರುವ ಅತೃಪ್ತಿ ಒಂದೇ. ನೋಡಿದವರೆಲ್ಲ ಆ ನೆರೆಯ ಕುಟುಂಬದ ಯಜಮಾನನನ್ನು ದೂಷಿಸುತ್ತ ಹೊರಬರುತ್ತಾರೆ. ಅವನ ಮನೆಯಲ್ಲಿ ಏಳು ಬಾಯಿಗಳಿರುವುದನ್ನು ಚಿತ್ರವು ಮರೆಮಾಚದಿದ್ದರೂ ಹಾಗೆಯೇ ಆಗುತ್ತದೆ. ಅವನ ಅಂಗಳಕ್ಕೆ ಬಂದು, ಇನ್ನೂ ಜೇನು ಬೇಕು, ಈಗಲೇ ಬೇಕು ಎಂದು ಒತ್ತಾಯಿಸುವ ವ್ಯಾಪಾರಿಯೊಬ್ಬನಿದ್ದಾನೆ. ಅವನು ಬರುವುದು ಕೆಲವೇ ದೃಶ್ಯಗಳಲ್ಲಿ. ನೊಣಗಳನ್ನೂ ವೃದ್ಧ ತಾಯಿಯನ್ನೂ ಮಕ್ಕಳ ಊದಿದ ಮುಖಗಳನ್ನೂ ಅಷ್ಟು ಹತ್ತಿರದಿಂದ, ಅಷ್ಟು ತಾಳ್ಮೆಯಿಂದ ತೋರಿಸಿದ ಆ ಕ್ಯಾಮೆರಾ ಅವನ ಮುಖದ ಮೇಲೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.